ಗುಂಡಿನ ಮೇಲೆ ಆರು ಗೀರು

ಬುಧವಾರ, ಅಕ್ಟೋಬರ್ 17, 1984

ಬೆಳಿಗ್ಗೆಯಿಂದ ಯೂನಿಯನ್ ಹಾಲಿನ ನೆಲಮಾಳಿಗೆಯಲ್ಲಿ. ತೋಟಾ ತುಂಬುವ ಕೈ ಪ್ರೆಸ್ಸಿನ ಹಿಡಿ ಎಳೆದೂ ಎಳೆದೂ ಭುಜ ಬಿದ್ದುಹೋಗಿದೆ. ಭಾನುವಾರ ಬೇಟೆ ಶುರು. ಮುಷ್ಕರಕ್ಕೆ ನಾಲ್ಕನೇ ತಿಂಗಳು. ಗಣಿ ಕಂಪನಿ ನಮ್ಮ ಸಂಬಳ ನಿಲ್ಲಿಸಬಹುದು, ಬೆಟ್ಟದ ಎಲ್ಕ್‌ಗಳನ್ನು ನಿಲ್ಲಿಸಲಾರದು. ಕಡವೆಯಂಥ ಈ ದೊಡ್ಡ ಜಿಂಕೆ ಒಂದು ಬಿದ್ದರೆ ಒಂದು ಮನೆ ಚಳಿಗಾಲ ದಾಟುತ್ತದೆ. ಅಂಗಡಿಯ ತೋಟಾ ಕೊಳ್ಳುವ ಶಕ್ತಿ ಯಾರಿಗೂ ಇಲ್ಲ. ಹಳೆಯ ಹಿತ್ತಾಳೆ ಕವಚಗಳಿಗೇ ಮದ್ದು ತುಂಬಿ, ಮೇಲೆ ಗುಂಡು ಕೂರಿಸುವುದು ನನ್ನ ಕೆಲಸ.

ಒಂದೊಂದು ಬಂದೂಕಿಗೂ ಒಂದೊಂದು ಆಳ. ಗುಂಡಿಗೆ ಮೇಣದಬತ್ತಿಯ ಮಸಿ ಹಿಡಿಸು. ಬಂದೂಕಿಗೆ ಹಾಕಿ ಹಿಂಬದಿಯ ಬೋಲ್ಟ್ ಮುಚ್ಚು, ತೆಗೆ. ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಏಣುಗಳು ತಾಗಿದ್ದರೆ ಮಸಿಯ ಮೇಲೆ ಏಣಿಗೊಂದರಂತೆ ಗೀರು ಬಿದ್ದಿರುತ್ತದೆ. ಗೀರು ಮಾಯವಾಗುವ ತನಕ ಗುಂಡನ್ನು ಕವಚದೊಳಕ್ಕೆ ಒತ್ತುತ್ತ ಹೋಗು. ಆಮೇಲೆ ಕೂದಲೆಳೆಯಷ್ಟು ಇನ್ನೂ. ಅಲ್ಲಿಗೆ ನಿಲ್ಲು. ಅಪ್ಪ ಕಲಿಸಿದ್ದು.

ಅಪ್ಪನ ಬಂದೂಕು ಈಗ ತಮ್ಮ ಆಂಟೆಯ ಹತ್ತಿರ. ಸೈನ್ಯದ ಹಳೇ ಮಾಲು, ಯುದ್ಧದ ಅವಸರದಲ್ಲಿ ಎರಡೇ ಏಣು ಬಿಟ್ಟು ಕೊರೆದದ್ದು. ನಳಿಗೆಯ ಗಂಟಲು ಸವೆದು ಸಡಿಲವಾಗಿದೆ. ಅದಕ್ಕೆ ಗುಂಡು ಉದ್ದ ಬಿಡಬೇಕು, ಮದ್ದೂ ಬಿಗಿ. ಬೇರೆ ಯಾವ ಬಂದೂಕಿಗೂ ಆ ತೋಟಾ ಹಾಕುವ ಹಾಗಿಲ್ಲ. ಡಬ್ಬಿಯ ಮೇಲೆ ಅವನ ಹೆಸರು ದಪ್ಪಕ್ಷರದಲ್ಲಿ ಬರೆದೆ. ಸಂಜೆ ಬಂದು ಒಯ್ದ. ಪಕ್ಕದ ಕಣಿವೆಯಲ್ಲಿ ಮರ ಕಡಿಯುವ ಕೂಲಿ ಸಿಕ್ಕಿದೆಯಂತೆ, ಮೈಯೆಲ್ಲ ನೋವಂತೆ. ಪಾಪ.

ಯೂನಿಯನ್ ಅಧ್ಯಕ್ಷ ಎಮೆಟ್ ಮೆಟ್ಟಿಲ ಮೇಲಿಂದಲೇ ಕೂಗಿದ. "ಕೇಳಿದ್ಯಾ ಮಿಲ್ಕಾ? ಮುಷ್ಕರ ಮುರಿದು ಕಂಪನಿ ಬಸ್ ಹತ್ತಿ ಗಣಿಯೊಳಗೆ ಹೋದ ಒಬ್ಬೊಬ್ಬ ದ್ರೋಹಿಗೂ ಕಂಪನಿ ಹೊಸ ರೈಫಲ್ ಕೊಡ್ತಿದೆಯಂತೆ. ಸೀಸನ್ ಉಡುಗೊರೆ!"

"ಕೊಡ್ಲಿ ಬಿಡು. ಕನ್ನಡಿ ಮುಂದೆ ನಿಂತ್ಕೊಂಡು ಗುರಿ ಇಡ್ಲಿ."

ನಕ್ಕೆವು.

ಭಾನುವಾರ, 21

ಮೊದಲ ದಿನವೇ ಮೂರು ಎಲ್ಕ್. ಯೂನಿಯನ್ ಹಾಲಿನ ಹಿಂದೆ ಮಾಂಸ ಕೊಯ್ದು ಹಂಚಿದೆವು. ಕೈ ಇನ್ನೂ ವಾಸನೆ. ಸಂತೋಷದ ವಾಸನೆ. ಆಂಟೆ ಮಾತ್ರ ಕಾಣಲಿಲ್ಲ.

ಬುಧವಾರ, 24

ಮಧ್ಯಾಹ್ನ ಆಂಟೆ ಬಂದ. ಕೈಯಲ್ಲಿ ಒಂದೇ ತೋಟಾ.

"ಏನಕ್ಕಾ, ವಯಸ್ಸಾಯ್ತಾ ನಿಂಗೆ? ಬೋಲ್ಟ್ ಮುಚ್ಚೋಕೇ ಒಪ್ತಿಲ್ಲ. ಅಂಗೈಲಿ ಗುದ್ದಿ ಮುಚ್ಬೇಕಾಯ್ತು. ಉದ್ದ ಬಿಟ್ಟಿದೀಯ."

"ಬಂದೂಕಲ್ಲಿ ಕಸ ಇರ್ಬೇಕು ಕಣೋ."

"ಕಸ ಇರೋದು ನಿನ್ನ ಕನ್ನಡಕದಲ್ಲಿ."

ದೀಪದಡಿ ಹಿಡಿದು ತಿರುಗಿಸಿದೆ. ಗುಂಡಿನ ತಾಮ್ರದ ಮೇಲೆ ಗೀರುಗಳು. ಒಂದು, ಎರಡು... ಆರು.

ಅಪ್ಪನ ಬಂದೂಕಿಗೆ ಎರಡೇ ಏಣು.

"ಅಪ್ಪನ ಬಂದೂಕೇ ತಾನೇ ಇದು?"

"ಮತ್ತೆ ಇನ್ಯಾವ್ದು? ನಂಗೇನು ಅಂಗಡಿ ಇದೆಯಾ?" ಕಣ್ಣು ಕೂಡ ಅಲುಗಲಿಲ್ಲ. "ಇದೊಂದೇ ಕೆಟ್ಟಿರ್ಬೇಕು ಬಿಡು. ಶನಿವಾರ ಮೇಲೆ ಹೋಗ್ತೀನಿ. ಎಲ್ಕ್ ಹೊಡೆದ್ರೆ ಅದರ ನಾಲಿಗೆ ನಿಂಗೇ." ಕೆನ್ನೆ ಹಿಂಡಿ ಹೋದ.

ಆರು ಏಣಿನ ಹೊಸ ರೈಫಲ್, ಕಂಪನಿಯ ಉಡುಗೊರೆ. ಮರ ಕಡಿಯುವ ಕೂಲಿ! ಕಂಪನಿ ಬಸ್ಸಿನ ಆ ಬಣ್ಣ ಬಳಿದ ಕಿಟಕಿಯ ಹಿಂದೆ ದಿನಾ ನನ್ನ ತಮ್ಮ ಕೂತಿದ್ದ. ನಾವು ಹೊರಗೆ ಮಂಜಿನಲ್ಲಿ ಕೂಗುತ್ತಿದ್ದೆವು — ಅವನಿಗೇ ಕೂಗುತ್ತಿದ್ದೆವು. ಅಪ್ಪ ಇದೇ ಗಣಿಯ ಧೂಳು ಉಸಿರಾಡಿ ಸತ್ತ. ಅವನ ಮಗ ಅದೇ ಕಂಪನಿಯ ಬಂದೂಕು ಹಿಡಿದು ನನ್ನ ಹತ್ತಿರ ತೋಟಾ ರಿಪೇರಿಗೆ ಬರುತ್ತಾನೆ.

ಡಬ್ಬಿಯಲ್ಲಿ ಮಿಕ್ಕ ತೋಟಾಗಳೂ ಅಷ್ಟೇ ಉದ್ದ. ಆ ಹೊಸ ನಳಿಗೆಯಲ್ಲಿ ಗುಂಡು ಏಣಿಗೆ ಒತ್ತಿಕೊಂಡೇ ಕೂರುತ್ತದೆ. ಬಿಗಿ ಮದ್ದು ಬೇರೆ. ಮುಂದೆ ದಾರಿ ಸಿಗದ ಬೆಂಕಿ ಹಿಂದಕ್ಕೆ ಬರುತ್ತದೆ, ಬೋಲ್ಟಿನ ಕಡೆಗೆ, ಮುಖದ ಕಡೆಗೆ. ಗೊತ್ತಿತ್ತು. ಅವನು ಮೆಟ್ಟಿಲು ಹತ್ತುವಾಗಲೂ ಗೊತ್ತಿತ್ತು.

ಕೂಗಲಿಲ್ಲ.

ಸಿಡಿಯಲಿ. ಕಂಪನಿಯ ಬಂದೂಕು ತಾನೇ.

ಗುರುವಾರ, 25

ಗಣಿ ಗೇಟಿನಲ್ಲಿ ಮುಷ್ಕರದ ಪಿಕೆಟ್ ಸಾಲು. ಬಸ್ ಬಂತು. ಎಲ್ಲರ ಹಾಗೆ ಕಲ್ಲೆತ್ತಿದೆ. ಎಸೆಯಲಾಗಲಿಲ್ಲ. ಜೇಬಿಗೆ ಹಾಕಿಕೊಂಡೆ.

ಶನಿವಾರ, 27 — ಬೆಳಿಗ್ಗೆ

ನಿದ್ದೆ ಇಲ್ಲ. ಅವನ ಮನೆಗೆ ಹೋದೆ. ಅವನ ಹೆಂಡತಿ ವೆಸ್ನಾ ಬಾಗಿಲು ತೆಗೆದಳು, ಕಂಕುಳಲ್ಲಿ ಕೂಸು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು.

"ಬೈಯೋದಾದ್ರೆ ನನಗೆ ಬೈಯಿ ಅಕ್ಕಾ. ಬಸ್ಸಿಗೆ ನಾನೇ ಕಳ್ಸಿದ್ದು. ಕೂಸಿಗೆ ಕೆಮ್ಮು, ಮನೇಲಿ ಒಲೆ ಉರೀತಿಲ್ಲ."

"ಅದಾಮೇಲೆ. ಯಾವ ತೋಟಾ ತಗೊಂಡ್ಹೋದ?"

"ನಿಂದೇ. ಅಕ್ಕ ತುಂಬಿದ್ದು ಬಿಟ್ರೆ ಬೇರೆ ನಂಬಲ್ಲ ಅಂತಾನಲ್ಲ."

ಟ್ರಕ್ಕಿಗೆ ಓಡಿದೆ.

ಅದೇ ದಿನ, ಸಂಜೆ

ತಡವಾಗಿತ್ತು. ಬೆಟ್ಟದ ಬೇಲಿಯ ಆಚೆ ಹಿಮದ ಮೇಲೆ ಕೂತಿದ್ದ. ಬಂದೂಕು ಪಕ್ಕದಲ್ಲಿ, ಬೋಲ್ಟ್ ಕಚ್ಚಿಕೊಂಡುಬಿಟ್ಟಿತ್ತು. ಬಲಗೆನ್ನೆ ಕಪ್ಪು. ಬಲಗಣ್ಣಿನ ಮೇಲೆ ಹಿಮದ ಉಂಡೆ ಒತ್ತಿ ಹಿಡಿದಿದ್ದ, ಅದರಿಂದ ಕೆಂಪು ನೀರು ಸೋರುತ್ತಿತ್ತು. ಒಂದೇ ಹೊಡೆತವಂತೆ.

"ಬೈಯೋಕೆ ಬಂದ್ಯಾ?"

"ತೋಟಾ ಕೊಡು. ಎಲ್ಲಾ ಕೊಡು."

ಡಬ್ಬಿ ಚಾಚಿದ. ಚಾಚಿದ ಕೈ ಅಲ್ಲೇ ನಿಂತಿತು. ಒಂದೇ ಕಣ್ಣಿನಿಂದ ನನ್ನನ್ನೇ ನೋಡಿದ. ಇವನೂ ಅಪ್ಪನ ಮಗ. ಅಪ್ಪ ಗೀರು ಎಣಿಸುತ್ತಿದ್ದುದನ್ನು ಇವನೂ ನೋಡಿದ್ದ.

"ಬುಧವಾರ ದೀಪದ ಕೆಳಗೆ ಗೀರು ಎಣಿಸ್ತಿದ್ದೆ ನೀನು."

"ಹೂಂ."

"ಆಗ್ಲೇ ಗೊತ್ತಾಯ್ತು ನಿಂಗೆ."

"ಹೂಂ."

"ಕಂಪನಿ ಬಂದೂಕು ಕೊಡ್ತು. ನೀನು ಇದನ್ನ ಕೊಟ್ಟೆ." ಡಬ್ಬಿಯನ್ನು ನನ್ನ ಕೈಗೆ ಹಾಕಿದ. "ನಡಿ ಅಕ್ಕಾ. ಗಾಡಿ ಓಡಿಸು. ನಂಗೆ ರಸ್ತೆ ಕಾಣ್ತಿಲ್ಲ."

ಸೋಮವಾರ, 29

ಡಾಕ್ಟರು ಕಣ್ಣು ಉಳಿಯುತ್ತದೆ ಎನ್ನಲಿಲ್ಲ. ಹೋಗುತ್ತದೆ ಎಂದೂ ಅನ್ನಲಿಲ್ಲ. ವೆಸ್ನಾ ನನಗೆ ಕಾಫಿ ತಂದುಕೊಟ್ಟಳು. ಅವಳಿಗೆ ಅವನು ಹೇಳಿಲ್ಲ. ಯಾರಿಗೂ ಹೇಳಿಲ್ಲ. ತೋಟಾ ತುಂಬುವಾಗ ಅಕ್ಕನಿಗೆ ಕೈ ತಪ್ಪಿತು ಎಂದಿದ್ದಾನೆ. ಯಾಕೆ ಹೇಳಲಿಲ್ಲ? ಬೈದಿದ್ದರೆ ನಾನೂ ಬೈಯಬಹುದಿತ್ತು.

ಮಂಗಳವಾರ, 30

ಇವತ್ತು ಹಾಲಿನಲ್ಲಿ ಸಭೆ. ಬಸ್ ಹತ್ತಿದವರ ಹೆಸರು ಕೂಗಿ ಯೂನಿಯನ್ನಿನಿಂದ ಹೊರಗೆ ಹಾಕುವುದು. ಈ ನಿಯಮಕ್ಕಾಗಿ ಹೋದ ತಿಂಗಳು ಮೇಜು ಗುದ್ದಿದವಳು ನಾನೇ. ಈಗಲೂ ಗುದ್ದುತ್ತೇನೆ. ನಿಯಮ ಸರಿಯಾಗಿಯೇ ಇದೆ. ಹೊಟ್ಟೆಗಿಲ್ಲದೆ ಸಾಲಿನಲ್ಲಿ ನಿಂತವರ ಮನೆಯಲ್ಲೂ ಕೂಸುಗಳಿವೆ, ಅವಕ್ಕೂ ಕೆಮ್ಮಿದೆ.

ಆದರೆ ಗೊತ್ತಿದ್ದೂ ಬಾಯಿ ಮುಚ್ಚಿ ಒಬ್ಬನನ್ನು ಬೆಂಕಿಗೆ ಕಳಿಸಿದವಳಿಗೆ ಯಾವ ನಿಯಮ? ಧೂಳಿನ ವಿಷಯ ಕಂಪನಿಗೂ ಗೊತ್ತಿತ್ತು. ಅಪ್ಪ ಕೆಳಗೆ ಇಳಿಯುವಾಗ ಅವರೂ ಕೂಗಲಿಲ್ಲ.

ಸಭೆಗೆ ಮೊದಲು ಎಮೆಟ್ ನೆಲಮಾಳಿಗೆಗೆ ಬಂದ. ಟೋಪಿ ಕೈಯಲ್ಲಿ ತಿರುಗಿಸುತ್ತಿದ್ದ.

"ನಿನ್ನ ತೋಟಾ ಹೊಡೆಯೋಕೆ ಜನ ಹೆದರ್ತಿದಾರೆ ಮಿಲ್ಕಾ. ಮಿಲ್ಕಾಗೆ ಕೈ ತಪ್ಪಿತಂತೆ ಅಂತಾರೆ. ನಿಂಗೆ ಕೈ ತಪ್ಪಿದ್ದು ನಾನು ನೋಡೇ ಇಲ್ಲ. ಆಂಟೆ ಕಣ್ಣಿಗೆ ಏನಾಯ್ತು, ನಿಜ ಹೇಳು."

ಪ್ರೆಸ್ಸಿನ ಹಿಡಿ ಬಿಟ್ಟೆ. "ಕೈ ತಪ್ಪಿಲ್ಲ. ಬಂದೂಕು ಬೇರೆ."

"ಬೇರೆ ಅಂದ್ರೆ? ಯಾರದು?"

ಮೇಲೆ ಕುರ್ಚಿ ಎಳೆಯುವ ಸದ್ದು. ಜನ ಬರುತ್ತಿದ್ದರು. ಎರಡನ್ನೂ ಒಟ್ಟಿಗೇ ಹೇಳಬೇಕು, ಅವನದ್ದೂ ನನ್ನದೂ, ಒಂದನ್ನು ಬಿಟ್ಟು ಒಂದನ್ನು ಹೇಳಿದರೆ ಸುಳ್ಳಾಗುತ್ತದೆ. ಮೊದಲು ನನ್ನದು ಎಂದುಕೊಂಡು ಬಾಯಿ ತೆರೆದೆ. "ಗೊತ್ತಿತ್ತು ಎಮೆಟ್. ಅವನು ಮೆಟ್ಟಿಲು ಹತ್ತೋವಾಗ್ಲೇ ಗೊತ್ತಿತ್ತು, ಕೂಗ್ಲಿಲ್ಲ."