ಎಡಕ್ಕೆ ಬಾಲ ಬಿದ್ದ ಗಂಟು

ಅತ್ತಿ,

ಹದಿನೆಂಟು ವರ್ಷ ಒಂದೇ ಒಲೆಯ ಮುಂದೆ ಕೂತವರು ನಾವು. ನಿಮಗೆ ಕಾಗದ ಬರೆಯುವ ಪ್ರಸಂಗ ಯಾಕೆ ಬರಬೇಕಿತ್ತು? ನಿಮಗೆ ಓದಲೂ ಬರುತ್ತಿರಲಿಲ್ಲ. ರೇಶನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ, ಆ ಮಸಿಯನ್ನು ನನ್ನ ಸೆರಗಿಗೇ ಒರೆಸುತ್ತಿದ್ದಿರಿ. ಆದರೆ ಮುಚ್ಚಿದ ಬಾಗಿಲು ದಾಟಿ ಒಳಗೆ ಬರುವಷ್ಟು ಕಲಿತವರಿಗೆ ನಾಲ್ಕು ಅಕ್ಷರ ಏನು ದೊಡ್ಡದು ಎಂದುಕೊಂಡು ಬರೆಯುತ್ತಿದ್ದೇನೆ. ಬರುತ್ತಿರುವವರು ನೀವೇ ಆಗಿದ್ದರೆ. ನೀವಲ್ಲದಿದ್ದರೆ ಈ ಕಾಗದ ಯಾರ ಕೈಗೆ ಸಿಗುತ್ತದೋ.

ಮೊದಲ ಸಲ ಅದು ಆದದ್ದು ನೀವು ತೀರಿಕೊಂಡ ಎರಡನೆಯ ತಿಂಗಳು, ಒಂದು ಮಂಗಳವಾರ. ನಿಮಗೆ ಗೊತ್ತಲ್ಲ, ನಮ್ಮ ಬನಹಟ್ಟಿಯಲ್ಲಿ ಮಧ್ಯಾಹ್ನ ಕರೆಂಟು ಹೋದರೆ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತು, ಕಿವಿಯೇ ಹೋಯಿತೇನೋ ಎನ್ನಿಸುತ್ತದೆ. ನಿಮ್ಮ ಕಾಲದಿಂದಲೂ ನಮ್ಮಲ್ಲಿ ನೇಯುವ ಮಲ್ಲಪ್ಪ, ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನಲ್ಲಿ ಹರಿದ ಎರಡು ಎಳೆಗಳನ್ನು ಹಾಗೇ ಬಿಟ್ಟು ಊಟಕ್ಕೆ ಹೋಗಿದ್ದ. ತಿರುಗಿ ಬಂದವನೇ ನನ್ನನ್ನು ಕೂಗಿದ.

"ವೈನಿ, ಎಳಿ ನೀವ ಕಟ್ಟೀರೇನ್ರಿ?"

"ನಾ ಯಾವಾಗ ಕಟ್ಲೋ? ಈಗರ ರೊಟ್ಟಿ ಬಡದ ಕೈ ತೊಳಕೊಂಡೇನಿ."

ಅವನು ಬಗ್ಗಿ ನೋಡಿದ. ನೋಡಿ, ಎರಡು ಹೆಜ್ಜೆ ಹಿಂದೆ ಸರಿದ. "ಬಾಲ ಎಡಕ್ಕ ಬಿದ್ದಾವ್ರಿ," ಎಂದ. ನಾನೂ ಬಗ್ಗಿ ನೋಡಿದೆ. ಮಗ್ಗದ ಮುಂದೆ ಕೂತು ಎಳೆ ಕಟ್ಟಿದರೆ ಬಲಗೈಯವರ ಗಂಟಿನ ತುದಿ ಬಲಕ್ಕೆ ಬೀಳುತ್ತದೆ. ಎಡಕ್ಕೆ ಬಾಲ ಬೀಳುತ್ತಿದ್ದುದು ಈ ಮನೆಯಲ್ಲಿ ನಿಮ್ಮೊಬ್ಬರದೇ. ತವರಿನಲ್ಲಿ ಎಡಚಿ ಎಂದು ಏಟು ತಿಂದರೂ ಬದಲಾಗದ ಕೈ ಅದು.

ನೀವು ಬೆಳಿಗ್ಗೆ ಎದ್ದ ಕೂಡಲೇ ಹಂಚಿನ ಮೇಲೆ ತಂಬಾಕು ಹುರಿದು, ಪುಡಿ ಮಾಡಿ, ಆ ಮಿಶ್ರಿಯನ್ನು ಹಲ್ಲಿಗೆ ತಿಕ್ಕುತ್ತ ಕಟ್ಟೆಯ ಮೇಲೆ ಕೂರುತ್ತಿದ್ದುದು ನೆನಪಾಗುತ್ತದೆ. ಆ ಹೊಗೆಗೆ ನಾನು ಕೆಮ್ಮುತ್ತಿದ್ದೆ. ಬೇಕೆಂದೇ ಸ್ವಲ್ಪ ಹೆಚ್ಚು ಕೆಮ್ಮುತ್ತಿದ್ದೆ, ಅದೂ ನಿಮಗೆ ಗೊತ್ತಿತ್ತು. ನೀವು ಹೋದ ಮೇಲೆ ಒಲೆ ಹಚ್ಚದ ಹೊತ್ತಿನಲ್ಲಿ, ಹಗಲು ಹನ್ನೊಂದಕ್ಕೆ, ಅದೇ ವಾಸನೆ ಅಡುಗೆಮನೆಯಿಂದ ಬರತೊಡಗಿತು. ನಿಮ್ಮ ಹಂಚನ್ನು ಯಾವತ್ತೋ ಅಟ್ಟಕ್ಕೆ ಹಾಕಿಯಾಗಿತ್ತು. ಮಗ್ಗದ ಪಕ್ಕ ನೀವು ಇಟ್ಟುಕೊಳ್ಳುತ್ತಿದ್ದ ನೀರಿನ ತಂಬಿಗೆಯನ್ನು ನಾನು ಕೂಡ ಅಲ್ಲೇ ಇಡುತ್ತೇನೆ, ಹಾಳು ರೂಢಿ. ಅದು ಬರಿದಾಗಿರುತ್ತಿತ್ತು. ನಿಮ್ಮ ಮಗನಿಗೆ ಹೇಳಿದರೆ, "ಬೆಕ್ಕ ಕುಡದಿರಬೇಕ ತಗೋ," ಎಂದರು. "ಬೆಕ್ಕ ಮಿಶ್ರೀನೂ ತಿಕ್ಕತೈತೇನ್ರಿ?" ಎಂದು ಕೇಳಿದೆ. ಅವರು ನಗಲಿಲ್ಲ. ಅಂದಿನಿಂದ ಅವರೂ ಅಡುಗೆಮನೆಗೆ ಒಬ್ಬರೇ ಹೋಗುವುದನ್ನು ಬಿಟ್ಟಿದ್ದಾರೆ.

ಮಾವನವರಿಗೆ ಮಾತ್ರ ಇದರ ಬಿಸಿ ತಟ್ಟಲೇ ಇಲ್ಲ. ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತ, "ಬಂದ್ರ ಬರ್ಲಿ ಬಿಡವಾ. ಆಕಿ ಮನಿ ಐತಿ, ಆಕಿ ಬರ್ತಾಳ. ನಿನಗೇನ ಭಾರ ಆಗೇತಿ?" ಎಂದರು. ಎಷ್ಟು ನಿಶ್ಚಿಂತೆಯಿಂದ ಹೇಳಿದರೆಂದರೆ, ಎಳೆ ಕಟ್ಟುತ್ತಿರುವವರು ಇವರೇ ಇರಬೇಕು ಎಂದು ನನಗೆ ಗುಮಾನಿ ಬಂತು. ನಲವತ್ತು ವರ್ಷ ನಿಮ್ಮ ಕೈ ನೋಡಿದವರು, ನಿಮ್ಮ ಗಂಟು ಕಲಿತಿರಬಾರದೇಕೆ? ಅಷ್ಟರಲ್ಲಿ ಕಣ್ಣಿನ ಪೊರೆ ತೆಗೆಸಲು ನಿಮ್ಮ ಮಗಳು ಅವರನ್ನು ಮುಧೋಳಕ್ಕೆ ಕರೆದುಕೊಂಡು ಹೋದಳು. ಅವರು ಅಲ್ಲಿದ್ದದ್ದು ಮೂರು ದಿನ. ಆ ಮೂರೂ ದಿನ ಇಲ್ಲಿ ಗಂಟು ಬಿದ್ದವು. ಮೂರನೆಯ ದಿನ ಮಲ್ಲಪ್ಪ ಚಪ್ಪಲಿ ಮೆಟ್ಟಿದವನು, "ವೈನಿ, ಸಿಟ್ಟ ಮಾಡಬ್ಯಾಡ್ರಿ, ನನಗೂ ಹೆಂಡ್ರ ಮಕ್ಕಳ ಅದಾರ," ಎಂದು ಹೇಳಿ ಹೋದ. ಮತ್ತೆ ಬರಲಿಲ್ಲ.

ಬೀಳಗಿ ಕಡೆಯಿಂದ ಒಬ್ಬ ಅಜ್ಜನನ್ನು ನಿಮ್ಮ ಮಗ ಕರೆತಂದ ದಿನ ನೀವು ಎಲ್ಲಿ ನಿಂತು ನೋಡುತ್ತಿದ್ದಿರೋ. ಆ ಅಜ್ಜ ಮಗ್ಗದ ಸುತ್ತ ಒಂದು ಸುತ್ತು ಹಾಕಿ, ವಿಭೂತಿ ತೂರಿ, ಹೊಸ್ತಿಲ ಮೇಲೆ ಕೈಯಿಟ್ಟರು. "ಅಮಾಸಿ ದಿನ ಮಧ್ಯಾಹ್ನ ಹೊಸ್ತಿಲಕ್ಕ ಮೊಳಿ ಬಡೀತೀನಿ. ಬಡಿಯೂ ಮುಂದ ಈ ಮನಿ ಸೊಸಿ 'ಇನ್ನ ಬರಬ್ಯಾಡ' ಅಂತ ಮೂರ ಸಲ ಹೇಳಬೇಕು. ಹೇಳಿದ ಮ್ಯಾಲೆ ಆಕಿ ತಿರುಗಿ ಬರೂದಿಲ್ಲ." ಹೋಗುವಾಗ ಮೆಟ್ಟಿಲ ಮೇಲೆ ನಿಂತು ಇನ್ನೊಂದು ಮಾತು ಕೇಳಿದರು. "ಆಕಿ ಮ್ಯಾಲೆ ಯಾರರ ಸುಳ್ಳ ಹೊರಿಸಿದ್ದೈತೇನು?" ನಿಮ್ಮ ಮಗ ಇಲ್ಲವೆಂದು ತಲೆ ಅಲ್ಲಾಡಿಸಿದರು. ನಾನು ನೆಲ ನೋಡಿದೆ. ಸುಳ್ಳು ಹೊರಿಸಿರಲಿಲ್ಲ, ಖರೆ ಹೇಳಿದ್ದೆ. ಮಂದಿಯ ಮುಂದೆ ಹೇಳಬಾರದಿತ್ತು, ಅಷ್ಟೇ. ಆಗ ನಾನು ಹಾಗೆಂದುಕೊಂಡಿದ್ದೆ.

ನಮ್ಮ ಸೀರೆ ಕೊಳ್ಳುವ ರಬಕವಿಯ ಸಾವಕಾರರ ಆಳು ಮೂರು ಸೀರೆಗಳನ್ನು ತಿರುಗಿ ತಂದು ನಮ್ಮ ಕಟ್ಟೆಯ ಮೇಲೆ ಒಗೆದ ಮಧ್ಯಾಹ್ನವನ್ನು ನೀವು ಮರೆತಿರಲಾರಿರಿ. ಅಂಚಿನ ಪಕ್ಕ ದಪ್ಪ ದಪ್ಪ ಗಂಟು. ಓಣಿಯ ಹೆಂಗಸರೆಲ್ಲ ಬಂದು ನಿಂತಿದ್ದರು. ನೀವು ಸೀರೆಯ ಮೇಲೆ ಕೈಯಾಡಿಸಿ, "ಇದು ನನ್ನ ಕೈ ಗಂಟಲ್ಲ," ಎಂದಿರಿ. ನನಗೆ ಮೈಯೆಲ್ಲ ಉರಿಯಿತು. ನಿಮ್ಮದಲ್ಲವೆಂದರೆ ನನ್ನದು ಎಂದಂತೆಯೇ ಆಯಿತಲ್ಲ? ಸೀರೆಯನ್ನು ಮಗ್ಗದ ಮೇಲೆ ಇದ್ದ ಹಾಗೆಯೇ ಹಾಸಿ ತೋರಿಸಿದೆ. "ನೋಡ್ರಿ, ಬಾಲ ಎಡಕ್ಕೈತಿ. ಈ ಮನ್ಯಾಗ ಎಡಗೈ ಯಾರದೈತಿ? ಕಣ್ಣ ಕಾಣದಿದ್ರ ಮಗ್ಗದ ಮುಂದ ಕುಂಡ್ರಬಾರದು!" ನೀವು ನಿಮ್ಮ ಎಡಗೈಯನ್ನು ಒಮ್ಮೆ ನೋಡಿಕೊಂಡಿರಿ. ಮಾತಾಡದೆ ಒಳಗೆ ಹೋದಿರಿ. ಮರುದಿನದಿಂದ ಮಗ್ಗದ ಹತ್ತಿರ ಬರಲಿಲ್ಲ. ಎರಡು ತಿಂಗಳಿಗೆ ಹೋಗಿಯೇಬಿಟ್ಟಿರಿ. ಅಷ್ಟು ಸಿಟ್ಟಿತ್ತೇ ನಿಮಗೆ? ಒಮ್ಮೆಯಾದರೂ ಬೈದಿದ್ದರೆ...

ಅಮಾಸೆಗೆ ಇನ್ನೂ ನಾಲ್ಕು ದಿನ ಇರುವಾಗ, ನಿಮ್ಮನ್ನು ಹಿಡಿದೇ ತೀರುತ್ತೇನೆಂದು ಹೊರಟೆ. ಹುಚ್ಚು ಧೈರ್ಯ. ಕರೆಂಟು ಹೋದ ಕೂಡಲೇ ಮಗ್ಗದ ಹಿಂದೆ, ಗೋಡೆಯ ಸಂದಿಯಲ್ಲಿ ತೂರಿಕೊಂಡು ಕೂತೆ. ಯಾರೂ ಬರಲಿಲ್ಲ. ವಾಸನೆಯೂ ಇಲ್ಲ, ಸಪ್ಪಳವೂ ಇಲ್ಲ. ಮಲ್ಲಪ್ಪ ಅರ್ಧಕ್ಕೆ ಬಿಟ್ಟ ಹಾಸಿನಲ್ಲಿ, ಮೂಗಿನ ಮುಂದೆಯೇ ಒಂದು ಎಳೆ ಹರಿದು ಜೋತಾಡುತ್ತಿತ್ತು. ಸುಮ್ಮನೆ ಕೂತು ಏನು ಮಾಡಲಿ? ಅಲ್ಲಿಂದಲೇ ಕೈ ಚಾಚಿ ಕಟ್ಟಿದೆ, ನನ್ನ ಬಲಗೈಯಿಂದಲೇ. ಆಮೇಲೆ ಸಂದಿಯಿಂದ ಹೊರಬಂದು ಮಗ್ಗದ ಮುಂದೆ ನಿಂತು ನೋಡಿದೆ.

ಬಾಲ ಎಡಕ್ಕೆ ಬಿದ್ದಿತ್ತು.

ಅತ್ತಿ, ಹಿಂದೆ ಮುಂದೆ ಎರಡೆರಡು ಸಲ ಹೋಗಿ ನೋಡಿದೆ. ಹಿಂದಿನಿಂದ ಕಟ್ಟಿದ ಬಲಗೈ ಗಂಟು ಮುಂದಿನಿಂದ ಎಡಗೈಯದಾಗಿ ಕಾಣುತ್ತದೆ. ಇಷ್ಟು ಸಣ್ಣ ವಿಷಯ ಹದಿನೆಂಟು ವರ್ಷ ಮಗ್ಗದ ಜೊತೆ ಬಾಳಿದವಳಿಗೆ ಹೊಳೆಯಲಿಲ್ಲವೆಂದರೆ ಏನೆನ್ನಬೇಕು? ಆ ಸೀರೆ ನೇಯ್ದ ವಾರ ನೆನಪಾಯಿತು. ನಿಮ್ಮ ಮಿಶ್ರಿ ಹೊಗೆಯ ಸಲುವಾಗಿ ಜಗಳವಾಡಿಕೊಂಡಿದ್ದೆವು. ನಿಮ್ಮ ಮುಖ ನೋಡಬಾರದೆಂದು ನಾನು ವಾರವೆಲ್ಲ ಮಗ್ಗದ ಹಿಂದೆ ನಿಂತು, ಸಿಟ್ಟಿನ ಕೈಯಲ್ಲಿ ಎಳೆ ಕಟ್ಟಿದ್ದೆ. ಆ ಮೂರು ಸೀರೆಯ ದಪ್ಪ ಗಂಟು ನನ್ನವು. ನಿಮ್ಮ ಕೈಯವಲ್ಲ.

ಹಾಗಾದರೆ ಈಗ ಬೀಳುತ್ತಿರುವ ಗಂಟು ಯಾರವು? ಆ ಸಂದಿಯಲ್ಲಿ ತೂರುವಷ್ಟು ಸಣ್ಣ ಮೈಯವಳು ಮನೆಯಲ್ಲಿ ನಾನೊಬ್ಬಳೇ. ನಾನೇ ಕಟ್ಟಿ ಮರೆಯುತ್ತಿದ್ದೇನೆಯೇ? ಆ ಹೊತ್ತಿನಲ್ಲಿ ರೊಟ್ಟಿ ಬಡಿಯುತ್ತಿರುತ್ತೇನೆ. ಬಡಿಯುತ್ತಿರುತ್ತೇನೆ ಎಂದು ನಾನು ನಂಬಿದ್ದೇನೆ. ಆದರೆ ಎರಡು ಸಲ ಹಂಚಿನ ಮೇಲೆ ರೊಟ್ಟಿ ಹೊತ್ತಿ ಕರಕಲಾಗಿತ್ತು. ಆಗ ನಾನು ಎಲ್ಲಿದ್ದೆ? ಸರಿ, ನಾನೇ ಎನ್ನೋಣ. ಮಿಶ್ರಿಯ ವಾಸನೆ? ಅದನ್ನೂ ನನ್ನ ಮೂಗೇ ಹುಟ್ಟಿಸಿತೇ? ಒಮ್ಮೆ ಒಳಗೆ ಬಂದ ಪಕ್ಕದ ಮನೆಯ ಶಾಂತವ್ವನೂ ಮೂಗು ಮುಚ್ಚಿಕೊಂಡಳಲ್ಲ! ತಂಬಿಗೆಯ ನೀರು ಕುಡಿದವರು ಯಾರು? ಒಂದು ಕಡೆ ಬಿಡಿಸಿದರೆ ಇನ್ನೊಂದು ಕಡೆ ಸಿಕ್ಕು. ನನ್ನ ತಲೆಯಂತೂ ಕೆಟ್ಟು ಹೋಗಿದೆ.

ಅಮಾಸೆಯ ದಿನ ಅಜ್ಜ ಮೊಳೆ ಹಿಡಿದು ಹೊಸ್ತಿಲ ಹತ್ತಿರ ಕೂತರು. ಅವತ್ತು ಸೀರೆ ನೋಡಲು ಬಂದಿದ್ದ ಹೆಂಗಸರೇ ಆ ದಿನವೂ ಅಂಗಳದಲ್ಲಿ ನಿಂತಿದ್ದರು. "ಹೇಳವಾ," ಎಂದರು ಅಜ್ಜ. ಬಾಯಿ ತೆರೆದೆ. ಬರಬ್ಯಾಡ ಎನ್ನುವ ಮಾತು ಬರಲಿಲ್ಲ. "ಆ ಗಂಟ ಅತ್ತೀದಲ್ರಿ. ನಂದು. ಹಿಂದ ನಿಂತ ಕಟ್ಟಿದ್ದೆ. ಅವರ ಮ್ಯಾಲೆ ಹಾಕಿದೆ," ಎಂದುಬಿಟ್ಟೆ. ಹಸಿರು ಪಟ್ಟಿ ಕಟ್ಟಿದ ಕಣ್ಣಿನ ಮಾವನವರು ಕಟ್ಟೆಯಿಂದ ಮೆಲ್ಲಗೆ ಹೇಳಿದರು:

"ಆಕಿಗೆ ಗೊತ್ತಿತ್ತವಾ. ಅವತ್ತ ಸಂಜಿಮುಂದ ನನಗ ಹೇಳಿದ್ಲು. 'ಆಕಿ ಹಿಂದ ನಿಂತ ಕಟ್ಟ್ಯಾಳ, ಅದಕ್ಕ ಹಂಗ ಕಾಣತೈತಿ' ಅಂದ್ಲು. ಮತ್ತ ಮಂದಿ ಮುಂದ ಯಾಕ ಹೇಳಲಿಲ್ಲ ಅಂದ್ನಿ. 'ಆಕೀ ಮಾರಿ ಸಣ್ಣದಾಗ್ತಿತ್ತು, ಬಿಡ್ರಿ' ಅಂದ್ಲು."

"ಮತ್ತ ಮಗ್ಗ ಯಾಕ ಬಿಟ್ರು ಮಾವಾರ?" ಎಂದು ಕೇಳಿದೆ.

"ಅದನ್ನ ನನಗ ಹೇಳಿಲ್ಲ," ಎಂದರು.

ಹೊಸ್ತಿಲಿಗೆ ಮೊಳೆ ಬೀಳಲಿಲ್ಲ. ನಾನೇ ಬೇಡವೆಂದೆ. "ಮಲ್ಲಪ್ಪ ಬರೂದಿಲ್ಲ, ಮಗ್ಗ ಹಂಗ ನಿಂದ್ರತೈತಿ," ಎಂದು ನಿಮ್ಮ ಮಗ ರೇಗಿದರು. "ನಾ ಕುಂಡ್ರತೀನ್ರಿ," ಎಂದೆ. ಈಗ ಕೂರುತ್ತಿದ್ದೇನೆ. ಅವರು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ, ಆದರೆ ನೂಲಿನ ಕಂಡಿಕೆ ಸುತ್ತಿ ತಂದು ಪಕ್ಕದಲ್ಲಿ ಇಡುತ್ತಾರೆ. ಶಾಂತವ್ವ ಮಾತ್ರ ನನ್ನನ್ನು ಕಂಡರೆ ಈಗ ಆ ಕಡೆ ಮುಖ ಮಾಡುತ್ತಾಳೆ. ಮಾಡಲಿ. ನಿಮಗೆ ನಾನು ಕೊಡಬಹುದಾದ ಸುದ್ದಿ ಇಷ್ಟೇ: ನಿಮ್ಮ ಕೈ ಕೆಟ್ಟಿರಲಿಲ್ಲವೆಂದು ಓಣಿಗೆಲ್ಲ ಗೊತ್ತಾಗಿದೆ.

ಅಮಾಸೆ ಕಳೆದ ಮೇಲೆ ಒಂದು ಗಂಟೂ ಬಿದ್ದಿಲ್ಲ. ತಂಬಿಗೆಯ ನೀರು ಇಟ್ಟಷ್ಟೇ ಇರುತ್ತದೆ. ಭಯ ಹೋಯಿತೆಂದು ನಾನು ಹಗುರಾಗಬೇಕಿತ್ತು ತಾನೇ? ನಿನ್ನೆ ನಿಮ್ಮ ಹಂಚನ್ನು ಅಟ್ಟದಿಂದ ಇಳಿಸಿ, ತಿಕ್ಕಿ, ಒಲೆಯ ಪಕ್ಕ ಇಟ್ಟಿದ್ದೇನೆ. ಇವತ್ತು ಕರೆಂಟು ಹೋದಾಗ ಚೆನ್ನಾಗಿದ್ದ ಒಂದು ಎಳೆಯನ್ನು ನಾನೇ ಹರಿದು ಬಿಟ್ಟು, ಊಟಕ್ಕೆ ಹೋದೆ. ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟೆ. ಬೇಗ ಎದ್ದು ಬಂದೆ. ಎಳೆ ಹಾಗೇ ಜೋತಾಡುತ್ತಿತ್ತು. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಆಮೇಲೆ ಸಂದಿಯಲ್ಲಿ ತೂರಿ, ಹಿಂದಿನಿಂದ ಕೈ ಚಾಚಿ, ಬಾಲ ಎಡಕ್ಕೆ ಬೀಳುವ ಹಾಗೆ ಕಟ್ಟಿದೆ.

ನಿಮ್ಮ ಸೊಸಿ,
ಕಸ್ತೂರಿ