ಟಾರ್ಲಿ ಮನೆಯ ಸೊಸೆ

ವೆಸ್ಟ್‌ಮೀಡ್, ಸಿಡ್ನಿ
೧೪ ಅಕ್ಟೋಬರ್ ೨೦೦೭

ಅಪ್ಪಾ,

ನಿನ್ನ ಅನಸೂಯಾ ಇಲ್ಲಿಂದಲೇ ನಿನ್ನ ಕಾಲು ಮುಟ್ಟುತ್ತಿದ್ದಾಳೆ. ಕನ್ನಡಕ ಹುಡುಕಿಕೊಂಡು ಕೂತುಕೋ, ಅವ್ವನಿಗೂ ಕೇಳುವಂತೆ ಗಟ್ಟಿಯಾಗಿ ಓದು. ಗೆದ್ದೆವು!

ಪಕ್ಕದ ಫ್ಲಾಟಿನ ಡೆನಿಸ್ ಅಂಕಲ್ ಬಗ್ಗೆ ಫೋನಿನಲ್ಲಿ ಹೇಳಿದ್ದೆನಲ್ಲ, ಎಪ್ಪತ್ತೆರಡು ವಯಸ್ಸಿನ ನಿವೃತ್ತ ರೈಲ್ವೆ ಗಾರ್ಡ್. ಅವರ ಮೂಲ ಐರ್ಲೆಂಡಿನ ಟಾರ್ಲಿ ಜಮೀನ್ದಾರರ ಮನೆತನ. ಮುನ್ನೂರು ವರ್ಷದ ಹಿಂದೆ ರಾಜ ಕೊಟ್ಟ ‘ಸರ್’ ಬಿರುದು ಆ ಮನೆಯಲ್ಲಿ ತಂದೆಯಿಂದ ಹಿರಿಯ ಮಗನಿಗೆ ಇಳಿದು ಬಂದಿದೆ. ಜಮೀನು, ಬಂಗಲೆ ಯಾವತ್ತೋ ಹೋದವು, ಬಿರುದೊಂದು ಉಳಿದಿತ್ತು. ಮೂರು ವರ್ಷದ ಹಿಂದೆ ಅಲ್ಲಿಯ ಕೊನೆಯ ಸರ್ ಮಕ್ಕಳಿಲ್ಲದೆ ತೀರಿಕೊಂಡರು. ಮುಂದಿನ ಹಕ್ಕು ಡೆನಿಸ್ ಅಂಕಲ್‌ರದು. ಆದರೆ ಚಿನ್ನ ಹುಡುಕಿಕೊಂಡು ಮೆಲ್ಬರ್ನಿಗೆ ಬಂದ ಅವರ ಮುತ್ತಜ್ಜ ಎಡ್ಮಂಡ್ ಮದುವೆಯೇ ಆಗಲಿಲ್ಲ ಎಂದು ಟಾರ್ಲಿಗಳ ವಂಶದ ಪುಸ್ತಕದಲ್ಲಿ ಅಚ್ಚಾಗಿಬಿಟ್ಟಿತ್ತು. ಅಂದರೆ ಅಂಕಲ್‌ರ ಅಜ್ಜ ಹಾದರಕ್ಕೆ ಹುಟ್ಟಿದವನು ಎಂದಾಯಿತು. ಬಿರುದು ಸಿಗದ್ದಕ್ಕಿಂತ ಆ ಮಾತೇ ಅವರನ್ನು ತಿನ್ನುತ್ತಿತ್ತು.

ವಕೀಲರು ಎರಡು ವರ್ಷ ಟಾರ್ಲಿಗಳ ಪಂಥದ ಚರ್ಚುಗಳನ್ನೆಲ್ಲ ಜಾಲಾಡಿ ಕೈಚೆಲ್ಲಿದ್ದರು. ಒಂದು ಭಾನುವಾರ ಅವರ ಕಾಗದಗಳನ್ನು ತಿರುವಿ ಹಾಕುತ್ತಾ ನನಗೆ ನಗು ಬಂತು. ಎಲ್ಲ ಕಡೆ ಗಂಡಸರ ಹೆಸರೇ. ನೀನು ಎತ್ತಿನಿಂದ ಇಳಿದು, ಗಂಟೆ ಬಾರಿಸಿ, ಹೊತ್ತಿಗೆ ಬಿಚ್ಚಿ ವಂಶ ಹೇಳುವ ಮೊದಲು ಏನು ಕೇಳುತ್ತೀ? “ಹೊಸಾ ಸೊಸಿ ಯಾವ ಊರಾಕಿ, ಯಾರ ಮಗಳು?” ಅದನ್ನೇ ಅಂಕಲ್‌ಗೆ ಕೇಳಿದೆ. ಮುತ್ತಜ್ಜಿಯ ಹೆಸರು ಹ್ಯಾನಾ, ಗೀಲಾಂಗ್ ಕಡೆಯ ಬೂಟು ಹೊಲಿಯುವವನ ಮಗಳು, ಮೆಥಡಿಸ್ಟ್ ಪಂಥದವಳು ಎಂದರು. ಮದುವೆ ಹೆಣ್ಣಿನ ಕಡೆಯಲ್ಲೂ ಆಗಿರಬಹುದಲ್ಲ, ಅಲ್ಲಿ ನೋಡಿದ್ದೀರಾ ಎಂದರೆ ಯಾರೂ ನೋಡಿರಲಿಲ್ಲ.

ಆಸ್ಪತ್ರೆಗೆ ರಜೆ ಹಾಕಿ ಮೆಲ್ಬರ್ನಿಗೆ ಹೋದೆ. ಆ ಕಾಲದಲ್ಲಿ ಅಲ್ಲಿ ಸರ್ಕಾರದ ದಾಖಲೆಯಿಲ್ಲ, ಚರ್ಚಿನ ಪುಸ್ತಕವೇ ಗತಿ. ಮೆಥಡಿಸ್ಟರ ಪುಸ್ತಕಗಳ ಮುಂದೆ ಎರಡು ದಿನ ಕೂತೆ. ಟಾರ್ಲಿಯನ್ನು ಹುಡುಕಲೇ ಇಲ್ಲ, ಹ್ಯಾನಾಳ ಅಪ್ಪನನ್ನು ಹುಡುಕಿದೆ. ೧೮೫೨ರ ಪುಟದಲ್ಲಿ ಸಿಕ್ಕಿದ. ಅವನ ಮನೆಯಂಗಳದಲ್ಲೇ ಮದುವೆ, ಎಡ್ಮಂಡನ ಸಹಿ, ಓದು ಬಾರದ ಮಾವನ ಗೀಟು. ಮಗ ಹುಟ್ಟಿದ್ದು ಮರುವರ್ಷ. ಬಡವರ ಹುಡುಗಿಯನ್ನು ಸೊಸೆ ಎನ್ನಲು ನಾಚಿ ಐರ್ಲೆಂಡಿನವರು ಮದುವೆಯನ್ನೇ ಅಳಿಸಿದ್ದರು.

ಮೊನ್ನೆ ಲಂಡನ್ನಿನಿಂದ ಕಾಗದ ಬಂತು. ಅಂಕಲ್ ಈಗ ಸರ್ ಡೆನಿಸ್ ಟಾರ್ಲಿ, ಹನ್ನೊಂದನೆಯವರು. ಕಾಗದ ಹಿಡಿದು ಮೊದಲು ಹೇಳಿದ್ದು, ನಮ್ಮಜ್ಜನ ಮರ್ಯಾದೆ ಉಳಿಯಿತು ಎಂದು. ಶನಿವಾರ ಎಲ್ಲರಿಗೂ ಊಟ ಹಾಕಿಸಿದರು. ಕೆಲ್ಲಿವಿಲ್‌ನ ಸರಸ್ವತಿ ಆಂಟಿಯೂ ಬಂದಿದ್ದರು, ನಮ್ಮ ಧಾರವಾಡ ಕಡೆಯ ದೊಡ್ಡ ಮನೆಯವರು. ವಕೀಲರಿಗೆ ಹೊಳೆಯದ್ದು ನಿನಗೆ ಹೇಗೆ ಹೊಳೆಯಿತು ಎಂದು ಅಂಕಲ್ ಎಲ್ಲರ ಮುಂದೆ ಕೇಳಿಬಿಟ್ಟರು.

ಅಪ್ಪಾ, ಆರು ವರ್ಷದಿಂದ ಇಲ್ಲಿ ನಿನ್ನನ್ನು ಶಾಲೆ ಮಾಸ್ತರ ಎಂದು ಹೇಳಿಕೊಂಡು ಬಂದಿದ್ದೆ. ಹ್ಯಾನಾಳನ್ನು ಅಳಿಸಿದವರಿಗೂ ನನಗೂ ಏನು ವ್ಯತ್ಯಾಸ ಅನ್ನಿಸಿ ನಾಚಿಕೆಯಾಯಿತು. ನಮ್ಮಪ್ಪ ಹೆಳವ, ಊರೂರು ತಿರುಗಿ ಜನರ ವಂಶ ಹೇಳುತ್ತಾನೆ, ಅವನಿಂದ ಕಲಿತೆ ಎಂದು ಹೇಳಿದೆ. ಹೇಳಿದ ಮೇಲೆ ಎಷ್ಟು ಹಗುರಾಯಿತೋ.

ಸರಸ್ವತಿ ಆಂಟಿ ತಟ್ಟೆ ಕೆಳಗಿಟ್ಟು ನಿನ್ನ ಹೆಸರು ಕೇಳಿದರು. ಹೇಳಿದೆ. “ಬಸವಣ್ಣೆಪ್ಪನ ಮಗಳೇನ ನೀ? ನಮ್ಮ ಮನಿ ಹೊತ್ತಿಗಿ ಅವನ ಕಡೇನೇ ಐತಿ. ಇದಕ್ಕ ಸುಳ್ಳು ಹೇಳೋದೇನಿತ್ತವಾ?” ಎಂದು ಬೈದು, ತಮ್ಮ ಇಬ್ಬರು ಮೊಮ್ಮಕ್ಕಳನ್ನು ಎಳೆದು ತಂದು ನಿಲ್ಲಿಸಿದರು. ಸಿಡ್ನಿಯಲ್ಲಿ ಹುಟ್ಟಿದ ಈ ಹೆಸರುಗಳು ಹೊತ್ತಿಗೆಗೆ ಇನ್ನೂ ಏರಿಲ್ಲವಂತೆ. ನೀನೇ ಬಂದು ಬರೆಯಬೇಕಂತೆ. ಟಿಕೆಟ್ ಬುಕ್ ಮಾಡಲು ಮಗನಿಗೆ ಅಲ್ಲಿಯೇ ಹೇಳಿದರು.

ನಿನ್ನ ಮಗಳು,
ಹೆಳವರ ಅನಸೂಯಾ

ತಾ.ಕ.: ರುಮಾಲು ಸುತ್ತಿಕೊಂಡೇ ಬಾ, ಗಂಟೆಯನ್ನೂ ತಾ. ನನ್ನ ಆರತಕ್ಷತೆಗೆಂದು ನಾನು ಹೊಲಿಸಿದ ಪ್ಯಾಂಟು ಟ್ರಂಕಿನಲ್ಲೇ ಇರಲಿ. ಅವತ್ತು ಮುಂದಿನ ಸಾಲಿನಲ್ಲಿ ಕುರ್ಚಿ ಸಾಲಲಿಲ್ಲ, ಅದಕ್ಕೇ ನಿನ್ನನ್ನು ಹಿಂದೆ ಕೂರಿಸಿದೆ ಎಂದಿದ್ದೆ. ಕುರ್ಚಿ ಇತ್ತು, ಅಪ್ಪಾ.