ಎರಡು ಪ್ರಶ್ನೆ ಒಟ್ಟಿಗೆ

ಜೂನ್ 12, ಗುರುವಾರ. ಮಧ್ಯಾಹ್ನ

ಮತ್ತೆ ಮಹಡಿ ಕೋಣೆ. ಹೆಡ್‌ಸೆಟ್, ನೀರಿನ ಬಾಟಲಿ. ಕಿಟಕಿ ಮುಚ್ಚಿದರೂ ಸೇತುವೆಯ ಲಾರಿಗಳ ಸದ್ದು. ಪಾಣೆಮಂಗಳೂರಿನಲ್ಲಿ ಕೂತು ಘಟ್ಟದ ಬುಡದ ಹೆಂಗಸರ ಜೊತೆ ಮಾತಾಡುವುದು ಕೆಲಸ. ಟೆಲಿ-ಕೌನ್ಸೆಲಿಂಗ್. ಅತ್ತೆ ಇದನ್ನು ‘ಫೋನಿನಲ್ಲಿ ಸಮಾಧಾನ’ ಎನ್ನುತ್ತಾರೆ. ಅಷ್ಟೇ ಆಗಿದ್ದರೆ ಎಷ್ಟು ಸುಲಭವಿತ್ತು.

ಹರಿಣಾಕ್ಷಿಯ ಮಿಸ್ ಕಾಲ್ ಬಂತು. ನಿಜ ಹೆಸರಲ್ಲ, ಅದು ಇಲ್ಲಿಯೂ ಬೇಡ. ಬೆಳ್ತಂಗಡಿ ದಾಟಿ, ಜೀಪು ನಿಂತ ಮೇಲೂ ನಡೆಯಬೇಕಾದ ಕಡೆ ಮಲೆಕುಡಿಯರ ಕೆಲವು ಮನೆಗಳು. ಅದರಲ್ಲಿ ಒಂದು ಅವಳದ್ದು. ಮನೆಯ ಮೇಲಿನ ಪಾದೆಕಲ್ಲು, ಆ ದೊಡ್ಡ ಬಂಡೆ, ಹತ್ತಿದರೆ ರೇಂಜ್. ಈಚೆಗೆ ಅಂಗಳದಲ್ಲೂ ಒಮ್ಮೊಮ್ಮೆ ಸಿಗುತ್ತದಂತೆ.

ತಿರುಗಿ ಮಾಡಿದಾಗ ನಾನು ಯಾವಾಗಲೂ ಹೇಳುವುದು ಒಂದೇ — ಬೀಡಿ ಬ್ರಾಂಚಿನಿಂದ, ಎಲೆ ಬಂದಿದೆ. ಗಂಡನ ಕಿವಿಗೆ ಬಿದ್ದರೂ ಸಂಶಯ ಬಾರದ ಹಾಗೆ. ಬ್ರಾಂಚಿನಿಂದ ಎಲೆ ತಂದು ಬೀಡಿ ಕಟ್ಟಿ ಕೊಡುವವಳು ಅವಳು, ಉಪಾಯವೂ ಅವಳದ್ದೇ.

“ಎಲೆ ಒಳ್ಳೇದುಂಟಾ ಅಕ್ಕ? ಅಲ್ಲ ಹೋದ ಸಲದ ಹಾಗೆ ತೂತಾ?” ನಕ್ಕಳು. ಅದೇ ಉಸಿರಿನಲ್ಲಿ, ಕೈ ಇನ್ನೂ ಎತ್ತಲಿಕ್ಕೆ ಆಗುವುದಿಲ್ಲ ಎಂದಳು. ಕಮಲಾಕ್ಷ — ಅವಳ ಗಂಡ — ಈ ಸಲ ಕತ್ತಿಯ ಹಿಡಿಯಲ್ಲಿ ಹೊಡೆದದ್ದು.

ಕೇಳಿದೆ: “ಅವರು ಎಲ್ಲಿ ಈಗ, ಹತ್ತಿರ ಇದ್ದಾರಾ?”

“ಇಲ್ಲ...” ಕೊನೆಗೆ ಲೈನಿನಲ್ಲಿ ಕರಕರ.

ಸರಿ ಎಂದು, ಮನೆ ಬಿಟ್ಟು ಬರುವ ದಾರಿ ಎಲ್ಲ ಹೇಳಿದೆ. ಶನಿವಾರ ಬೆಳಗಿನ ಜೀಪು. ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಆಫೀಸಿನ ಶುಭಶ್ರೀ ಕಾಯುತ್ತಾಳೆ. ಮೂಡುಬಿದಿರೆಯಲ್ಲಿ ಇರಲು ಜಾಗ ಉಂಟು. ಆಧಾರ್ ಕಾರ್ಡ್ ಮರೆಯಬೇಡ.

“ಆವು, ಆವು,” ಎಂದಳು. ಆಗಲಿ ಎಂದು. ಅವಳ ದನಿ ಯಾಕೋ ಸಣ್ಣದಾಗಿತ್ತು. ನಾಚಿಕೆ ಅಂದುಕೊಂಡೆ.

ಸಂಜೆ

ಇವರು ಮೋಟಾರು ರಿಪೇರಿಯವನ ಹತ್ತಿರ ಫೋನಿನಲ್ಲಿ: “ಬಲ ಮಾರಾಯ, ಯಾನ್ ಇಲ್ಲಡೇ ಉಲ್ಲೆ.” ಬಾ, ಮನೆಯಲ್ಲೇ ಇದ್ದೇನೆ. ಬಾಗಿಲಾಚೆಯಿಂದ ನನಗೆ ಮೊದಲು ಕೇಳಿದ್ದು ಬರೀ ‘ಇಲ್ಲ’. ಓದುತ್ತಿದ್ದ ಪುಸ್ತಕ ಕೈಯಲ್ಲೇ ಮುಚ್ಚಿಕೊಂಡಿತು.

ಕನ್ನಡದ ಇಲ್ಲ. ತುಳುವಿನ ಇಲ್ಲಡ್ — ಮನೆಯಲ್ಲಿ. ಹರಿಣಾಕ್ಷಿಯ ‘ಇಲ್ಲ’ದ ಕೊನೆಯ ಆ ಕರಕರದಲ್ಲಿ ಒಂದು ‘ಡ್’ ಮುಳುಗಿಹೋಗಿದ್ದರೆ?

ನಾನು ಕೇಳಿದ್ದು ಎರಡು ಪ್ರಶ್ನೆ. ಟ್ರೈನಿಂಗಿನಲ್ಲಿ ಮೊದಲ ದಿನವೇ ಹೇಳಿದ್ದರು, ಒಂದು ಸಲಕ್ಕೆ ಒಂದೇ ಕೇಳಿ. ಅವಳು ಉತ್ತರಿಸಿದ್ದು ಯಾವುದಕ್ಕೆ? ಹತ್ತಿರ ಇಲ್ಲ ಎಂದಳೇ? ಮನೆಯಲ್ಲಿದ್ದಾನೆ ಎಂದಳೇ? ಮನೆಯಲ್ಲಿದ್ದರೆ — ಅವನು ಒಳಗೆ, ಅವಳು ಮೇಲೆ ಪಾದೆಯಲ್ಲಾ? ಇಬ್ಬರೂ ಅಂಗಳದಲ್ಲಾ? ಪಾದೆಯಲ್ಲಿದ್ದರೆ ಯಾವಾಗಲೂ ಗಾಳಿ ಕೇಳುತ್ತದೆ. ಇವತ್ತು ಗಾಳಿ ಇತ್ತೇ...

ತುಳುವಿನಲ್ಲೇ ಕೇಳಬಹುದಿತ್ತು. ಆದರೆ ನಮ್ಮ ಕಾಲ್‌ಗಳ ರೆಕಾರ್ಡಿಂಗ್ ಕೇಳಿ ತಿದ್ದುವ ಬೆಂಗಳೂರಿನ ಡಾಕ್ಟರಿಗೆ ತುಳು ಬಾರದು. ಹಾಗಾಗಿ ನಾವಿಬ್ಬರೂ ಶಾಲೆಯ ಕನ್ನಡದಲ್ಲಿ ಮಾತಾಡುವುದು. ಹೆದರಿಕೆಯಾದಾಗ ಬಾಯಿಗೆ ಯಾವ ಭಾಷೆ ಬರುತ್ತದೆ?

ಜೂನ್ 13, ಶುಕ್ರವಾರ

ಬೆಳಿಗ್ಗೆಯೇ ಬಸ್ಸು ಹತ್ತಿ ಮೂಡುಬಿದಿರೆ ಆಫೀಸಿಗೆ. ಶುಭಶ್ರೀ ರೆಕಾರ್ಡಿಂಗ್ ಹಾಕಿದಳು. ಮತ್ತೆ ಮತ್ತೆ.

“ಡ್ ಉಂಟು ಅಕ್ಕ.”

“ಇಲ್ಲ, ಅದು ಕರಕರ.”

“ನೀವೀಗ ಹೇಳಿದ್ದು ಕನ್ನಡವಾ ತುಳುವಾ?”

ನಗು ಬಂತು ಇಬ್ಬರಿಗೂ. ಆಮೇಲೆ ಅವಳು ಕಿಟಕಿಯ ಕಡೆ ತಿರುಗಿದಳು, ನಾನು ಹೆಡ್‌ಸೆಟ್ಟಿನ ವಯರು ಸುತ್ತತೊಡಗಿದೆ.

“ಫೋನ್ ಮಾಡಿಯೇ ನೋಡುವ,” ಎಂದಳು. ಹರಿಣಾಕ್ಷಿಯ ಮಿಸ್ ಕಾಲ್ ಇಲ್ಲದೆ ನಾವಾಗಿ ಮಾಡಬಾರದು ಎಂದು ಉಂಟು. ಆದರೂ ಮಾಡಿದೆ. ಎತ್ತಿದ್ದು ಗಂಡಸು, ಕಮಲಾಕ್ಷನೇ ಇರಬೇಕು.

“ಬೀಡಿ ಬ್ರಾಂಚಿನಿಂದ. ಎಲೆ ಬಂದಿದೆ ಅಂತ ಹೇಳಲಿಕ್ಕೆ.”

“ಹೌದಾ. ಹೇಳ್ತೇನೆ.” ಆಮೇಲೆ ಬಹಳ ಮರ್ಯಾದೆಯಿಂದ: “ಭಾರೀ ಒಳ್ಳೇ ಬ್ರಾಂಚ್ ಅಕ್ಕ ನಿಮ್ಮದು. ಎಲೆ ಬಂದದ್ದಕ್ಕೆ ಮನೆಗೇ ಫೋನ್ ಮಾಡುವವರನ್ನು ನಾನು ನೋಡಿದ್ದೇ ಇಲ್ಲ.”

ಇಟ್ಟ. ಕುಚೋದ್ಯವೇ? ನಿಜವಾದ ಆಶ್ಚರ್ಯವೇ? ಈ ‘ಇಲ್ಲ’ವಾದರೂ ಸ್ಪಷ್ಟ. ಅದರಿಂದ ಏನು ಪ್ರಯೋಜನ.

ಪೊಲೀಸರಿಗೆ ಹೇಳುವುದೇ? ಹರಿಣಾಕ್ಷಿ ಬೇಡ ಎಂದಿದ್ದಾಳೆ. ಎಲ್ಲ ಸಲವೂ ಬೇಡ ಎಂದಿದ್ದಾಳೆ. ಅವನಿಗೆ ಏನೂ ಗೊತ್ತಿಲ್ಲದಿದ್ದರೆ, ಜೀಪು ಹತ್ತಿದ ಪೊಲೀಸರೇ ಅವನಿಗೆ ಎಲ್ಲ ತಿಳಿಸಿದ ಹಾಗೆ. ನಾಳೆಯವರೆಗೆ ನೋಡುವ ಎಂದಳು ಶುಭಶ್ರೀ. ಹೂಂ ಎಂದೆ. ಒಪ್ಪಿಗೆ ಇತ್ತೋ, ಬೇರೇನೂ ತೋಚಲಿಲ್ಲವೋ.

ಜೂನ್ 14, ಶನಿವಾರ

ಜೀಪು ಬಂತು. ಅವಳು ಬರಲಿಲ್ಲ.

ಶುಭಶ್ರೀ ಬಸ್‌ಸ್ಟ್ಯಾಂಡಿನಿಂದ ಮೆಸೇಜ್ ಮಾಡುತ್ತಲೇ ಇದ್ದಳು. ಮಧ್ಯಾಹ್ನದ ಜೀಪಿನಲ್ಲೂ ಇಲ್ಲ. ಆ ಊರಿನ ಆಶಾ ಕಾರ್ಯಕರ್ತೆ ಕಾಂತಿಗೆ ಫೋನ್ ಮಾಡಿದೆವು. ಬಿಪಿ ನೋಡುವ ನೆಪದಲ್ಲಿ ಹೋಗಿ ಬರುತ್ತೇನೆ ಎಂದಳು. ಪೊಲೀಸರಿಗೂ ಹೇಳಿದೆವು, ಕೊನೆಗೆ.

ಕವಿತೆ ಓದುವಾಗ ಶಬ್ದದೊಳಗೆ ಇನ್ನೊಂದು ಅರ್ಥ ಸಿಕ್ಕರೆ ಪೆನ್ಸಿಲಿನಲ್ಲಿ ಗೆರೆ ಎಳೆಯುವವಳು ನಾನು. ಎರಡರ ನಡುವೆ ನಿಲ್ಲುವುದೇ ಸುಖ ಎಂದು ಯಾರಿಗೋ ಹೇಳಿದ್ದೂ ಉಂಟು. ಇವತ್ತು ಪುಸ್ತಕದ ಹತ್ತಿರ ಹೋಗಲಿಲ್ಲ. ಒಂದು ಶಬ್ದಕ್ಕೆ ಒಂದೇ ಅರ್ಥ ಸಾಕು ದೇವರೇ.

ಜೂನ್ 18, ಬುಧವಾರ

ಬರೆಯಲು ಆಗಲಿಲ್ಲ.

ಕಾಂತಿ ಹೋದಾಗ ಮನೆಗೆ ಬೀಗ. ತವರಿಗೆ ಹೋಗಿದ್ದಾಳೆ ಎಂದರಂತೆ ಒಬ್ಬರು. ಇಬ್ಬರೂ ಒಟ್ಟಿಗೆ ಹೋದದ್ದನ್ನು ನೋಡಿದೆ ಎಂದರಂತೆ ಇನ್ನೊಬ್ಬರು. ತವರಿನಲ್ಲಿ ಅವಳಿಲ್ಲ, ಪೊಲೀಸರು ವಿಚಾರಿಸಿದ್ದಾರೆ. ಹುಡುಕುತ್ತಿದ್ದೇವೆ ಎನ್ನುತ್ತಾರೆ.

ಈಗ, ಗೊತ್ತಿಲ್ಲದ ನಂಬರಿನಿಂದ ಮಿಸ್ ಕಾಲ್. ತಿರುಗಿ ಮಾಡಿದೆ. ಬ್ರಾಂಚ್ ಎನ್ನದೆ, ಆ ಕಡೆಯ ದನಿಗೆ ಕಾದೆ.

“ಅಕ್ಕ, ಎಲೆ ಬಂತಾ?”

ಅವಳೇ! ಯಾರೋ ಹತ್ತಿರ ಇದ್ದಾರೆ ಎಂಬ ಸೂಚನೆಯೇ? ಅವಳ ಎಂದಿನ ತಮಾಷೆಯೇ? ಬೆಂಗಳೂರಿಗೆ ಅರ್ಥವಾಗದಿದ್ದರೆ ಬೇಡ. ತುಳುವಿನಲ್ಲಿ, ಒಂದೇ ಪ್ರಶ್ನೆ: “ಈ ಓಲು ಉಲ್ಲ?” ನೀನು ಎಲ್ಲಿದ್ದೀ?

“ಇಲ್ಲಡ್ ಇಜ್ಜಿ.”

ಎರಡೂ ಶಬ್ದ ಸ್ಪಷ್ಟ. ಮನೆಯಲ್ಲಿ ಇಲ್ಲ.

ಆಮೇಲೆ ಇನ್ನೊಂದು: “ಒಟ್ಟುಗು ಏರ್ ಉಲ್ಲೆರ್?” ಜೊತೆಗೆ ಯಾರಿದ್ದಾರೆ?

ಬಸ್ಸಿನ ಹಾರನ್. ಗಂಡಸಿನ ದನಿ, ಹತ್ತಿರದಿಂದ. ಕಂಡಕ್ಟರನದ್ದೋ, ಕಮಲಾಕ್ಷನದ್ದೋ. ಲೈನ್ ಹೋಯಿತು. ಪುನಃ ಮಾಡಿದರೆ ಸ್ವಿಚ್ ಆಫ್.

ಶುಭಶ್ರೀಗೆ ನಂಬರ್ ಕಳಿಸಿದ್ದೇನೆ, ಪೊಲೀಸರಿಗೆ ಕೊಡುತ್ತಾಳೆ. ಕಾಯುತ್ತಾ ಬರೆಯುತ್ತಿದ್ದೇನೆ. ಇಲ್ಲಡ್ ಇಜ್ಜಿ. ಇಷ್ಟು ಗೊತ್ತು. ಫೋನು ಇಲ್ಲೇ ಪುಟದ ಪಕ್ಕ... ರಿಂಗ್ ಆಗುತ್ತಿದೆ. ಅದೇ ನಂಬರ್ —